ಹಸಿವಿಲ್ಲದ ದೀಪ

ತಾಟಿನಲ್ಲಿ ಬಿಸಿ ರೊಟ್ಟಿ ಇದ್ದೂ ಅರ್ಧಕ್ಕೇ ಕೈ ತೊಳೆದವನನ್ನು ಕಂಡರೆ ನಮ್ಮವ್ವ ರೊಟ್ಟಿಯ ಮೇಲೆ ಸಂಶಯಪಡುವವಳಲ್ಲ; ಉಣ್ಣುವವನ ಮಾರಿಯನ್ನೇ ದಿಟ್ಟಿಸಿ "ಏನಾಗೇತಿ ನಿನಗ?" ಎಂದು ಕೇಳುವವಳು. ಮಿತ್ರರೇ, ಶಾಲೆಗೆ ಬೇಗನೆ ಕೈಮುಗಿದು ಬಂದ ನನಗೆ ದೀಪದ ವಿದ್ಯೆ ಹತ್ತಿದ್ದು ಈ ಪ್ರಶ್ನೆಯಿಂದಲೇ ಎಂದರೆ ನಗಬೇಡಿ. ಶಿಗ್ಗಾಂವಿಯಲ್ಲಿ ನನ್ನ ಲೈಟಿಂಗ್ ಅಂಗಡಿ ಇದೆ. ಹಾನಗಲ್ಲಿನಿಂದ ಸವಣೂರಿನವರೆಗೆ ಯಾವ ಊರವರು ನಾಟಕ ಆಡಿದರೂ ರಂಗದ ಮೇಲೆ ಹಗಲು-ರಾತ್ರಿ ಆಗುವುದು ನನ್ನ ಕೈಯಿಂದ. ಸೂರ್ಯನಿಗೆ ದಿನಕ್ಕೆ ಒಂದೇ ಬೆಳಗು, ನನಗೆ ಅಂಕಕ್ಕೊಂದು! ಈ ಜಂಬ ನನಗಿದೆ, ದುಡಿದು ಗಳಿಸಿದ್ದು.

ಮೊನ್ನೆ ಹಂಸಭಾವಿಯಲ್ಲಿ ಸಂಜೆಯ ನಾಟಕಕ್ಕೆ ಲೈಟು ಕಟ್ಟುವಾಗ, ಹೊಸದಾಗಿ ತಂದ ಎಲ್‌ಇಡಿ ಲೈಟು ಮಂಕಾಗಿ ಕುಳಿತಿತು. ರಂಗದ ಎದುರಿನ ಕಂಬದಿಂದ, ಅಷ್ಟು ದೂರದಿಂದ ನಟರ ಮುಖಕ್ಕೆ ಬೀಳುವಂಥದ್ದು ಅದೊಂದೇ. ಅದು ಬೆಳಗಬೇಕಾಗಿದ್ದದ್ದು ಶಿವನಗೌಡರ ಮುಖವನ್ನು. ಅವರು ಆ ಊರಿನ ರೈತರು, ಮೊದಲ ಸಲ ಬಣ್ಣ ಹಚ್ಚಿದವರು, ಪಾತ್ರ ಮೂಗನದು. ಅರ್ಧ ಮೀಸೆ ಬರೆದುಕೊಂಡೇ ಓಡಿ ಬಂದರು.

"ಮಾಲಕರ, ನನ್ನ ಪಾತ್ರಕ್ಕ ಮಾತಂತೂ ಇಲ್ಲ, ಇರೂದು ಮಾರಿ ಒಂದ. ಅದೂ ಕಾಣಂಗಿಲ್ಲಂದ್ರ ನಾ ಯಾಕ ಬೇಕ್ರಿ? ನಮ್ಮ ಎತ್ತು ತಂದು ನಿಲ್ಲಸ್ರಿ."

"ಎತ್ತಿಗೆ ಮೀಸಿ ಬರಿಯೂದು ತ್ರಾಸ ಆಕ್ಕೇತ್ರಿ, ನೀವ ಇರ್ರಿ" ಎಂದೆ. ನಕ್ಕೆನೇನೋ ಖರೆ, ಒಳಗೆ ಅಳುಕಿತ್ತು.

ಪ್ಲಗ್ಗಿನಲ್ಲಿ ವೋಲ್ಟೇಜು ನೋಡಿದೆ, ಭರ್ತಿ ಇತ್ತು. ವೈರು ಬದಲಿಸಿದೆ, ಗಾಜು ಒರೆಸಿದೆ, ಫಲವಿಲ್ಲ. ಕಡೆಗೆ ಇಕ್ಕಳದಂತೆ ವೈರಿನ ಎಳೆಯನ್ನು ಹಿಡಿಯುವ ಮೀಟರು ಹಚ್ಚಿದರೆ, ಅಷ್ಟು ದೊಡ್ಡ ಲೈಟು ಎಳೆಯುತ್ತಿದ್ದ ಕರೆಂಟು ಮಲಗುವ ಕೋಣೆಯ ಸಣ್ಣ ಬಲ್ಬಿನಷ್ಟು. ಅಂದರೆ ತಾಟು ತುಂಬಿದೆ, ಉಣ್ಣುವವನಿಗೇ ಹಸಿವಿಲ್ಲ! ಬೇಡಿಯೂ ಸಿಗದ ದೀಪ ಬೇರೆ, ಬೇಡುವುದನ್ನೇ ಬಿಟ್ಟ ದೀಪ ಬೇರೆ. ಮನುಷ್ಯರಲ್ಲಿಯೂ ಹೀಗೆ ತಮ್ಮಷ್ಟಕ್ಕೆ ಮಂಕಾಗಿ ಕುಳಿತವರನ್ನು ಕಂಡಿದ್ದೇನೆ. ಅವರಿಗೆ ಎಷ್ಟು ಬಡಿಸಿದರೂ ವ್ಯರ್ಥ, ಸುಮ್ಮನಿರು ಎಂದವರು ಯಾರೆಂದು ಮೊದಲು ಕೇಳಬೇಕು.

ಲೈಟಿನ ಬೆನ್ನ ಹಿಂದಿನ ಪುಟ್ಟ ಪರದೆ ನೋಡಿದೆ. ಅದು ಎಲ್ಲ ಲೈಟುಗಳನ್ನು ಏರಿಸಿ ಇಳಿಸುವ ನನ್ನ ಬೋರ್ಡಿನ ಅಪ್ಪಣೆ ಬಿಟ್ಟು ತನ್ನದೇ ಲೆಕ್ಕದಲ್ಲಿ ನಡೆದಿತ್ತು. ಬೆಳಕು ತೀರ ಕೆಳಗಿನ ಮೆಟ್ಟಿಲಿನಲ್ಲಿತ್ತು. ಗುಂಡಿಗಳ ಮೇಲೆ ಕುಂಕುಮದ ಬೆರಳಚ್ಚು! ಅವ್ವನಿಗೆ ಫೋನು ಹಚ್ಚಿದೆ.

"ಅವ್ವಾ, ನಿನ್ನೆ ಮನ್ಯಾಗ ಪೂಜಿ ಮಾಡಿದ ಹೊಸ ಲೈಟಿನ ಗುಂಡಿ ಒತ್ತಿದಿಯೇನ?"

"ಮತ್ತೇನ್ ಮಾಡ್ಲಿ? ಕಣ್ಣಿಗೆ ಚುಚ್ಚಾಕತ್ತಿತ್ತು. ಪೂಜಿ ಆದ ದೀಪ ದೊಡ್ಡದು ಮಾಡಬಾರದು ಅಂತ ಒತ್ತಿ ಒತ್ತಿ ಕುಡಿ ಸಣ್ಣದು ಮಾಡಿಟ್ಟೆ. ನೀ ಬಂದು ವೈರ್ ಕಿತ್ತಿ. ಆ ಪಾಪ ನಿನ್ನ ತಲಿ ಮ್ಯಾಲ ಐತಿ ನೋಡ!"

ನಮ್ಮ ಮನೆಯಲ್ಲಿ ದೀಪವನ್ನು 'ಆರಿಸು' ಎನ್ನುವುದಿಲ್ಲ. ಅಶುಭದ ಮಾತು ಬಾಯಿಗೆ ಬಾರದಿರಲೆಂದು 'ದೊಡ್ಡದು ಮಾಡು' ಎನ್ನುತ್ತೇವೆ. ಲೈಟು ಕೆಟ್ಟಿರಲಿಲ್ಲ, ಅವ್ವನ ಮಾತು ಕೇಳಿತ್ತು, ಅಷ್ಟೆ.

"ಆತು ಬಿಡವ್ವ, ಈಗ ದೊಡ್ಡದು ಮಾಡ್ತೇನಿ."

"ಅಯ್ಯ ಖೋಡಿ, ಆಟ ಸುರುನ ಆಗಿಲ್ಲ, ಈಗ್ಯಾಕ ದೊಡ್ಡದು ಮಾಡ್ತಿ?"

"ಹಂಗಲ್ಲವ್ವ, ಖರೇನ ದೊಡ್ಡದು!"

ಗುಂಡಿ ಒತ್ತಿ ಲೈಟನ್ನು ಮತ್ತೆ ನನ್ನ ಬೋರ್ಡಿಗೆ ಒಪ್ಪಿಸಿದೆ. ಮೀಟರಿನ ಅಂಕಿ ಹಸಿದವನಂತೆ ಮೇಲೆ ಹಾರಿತು.

ಕತ್ತಲಾಗುತ್ತಲೇ ಪರದೆ ಎದ್ದಿತು. ಅಣ್ಣನಾದವನು ತನ್ನ ಕಳವನ್ನು ಮೂಗ ತಮ್ಮನ ಮೇಲೆ ಹೊರಿಸುವ ಸನ್ನಿವೇಶ. ಬೋರ್ಡಿನ ಮೇಲೆ ಮೆಲ್ಲಗೆ ಬೆರಳು ಏರಿಸಿದೆ. ಶಿವನಗೌಡರ ತುಟಿ ನಡುಗಿತು, ಕಣ್ಣು ತುಂಬಿ ನಿಂತವು, ತುಳುಕಲಿಲ್ಲ. ಇಲ್ಲ ಎನ್ನಲು ಬಾಯಿಲ್ಲ. ಮುಂದಿನ ಚಾಪೆಯಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ತಡೆಯಲಾರದೆ ಎದ್ದು ನಿಂತು ಕೂಗಿದಳು:

"ಅವಾ ಅಲ್ರೋ! ಮಾರಿ ನೋಡ್ರಿ ಒಂಚೂರ, ತಿಳ್ಯಾಂಗಿಲ್ಲೇನು?"