ಗಯೆಯಲ್ಲಿ ಬಿಟ್ಟ ನೇರಳೆ

ನೇರಳೆ ಹಣ್ಣನ್ನು ನಾನು ಬಿಡಲಿಲ್ಲ, ನನ್ನಿಂದ ಬಿಡಿಸಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೂವತ್ತೈದು ವರ್ಷಗಳಿಂದ ನಮ್ಮ ಮನೆಗೆ ಬಂದುಹೋದವರಿಗೆಲ್ಲ ಈ ಕತೆಯನ್ನು ತಿರುಚಿಯೇ ಹೇಳಲಾಗಿದೆ. ಅವಳು ಗಯೆಯಲ್ಲಿ ನೇರಳೆ ಬಿಟ್ಟು ಬಂದಳು, ಎಷ್ಟು ನಿಷ್ಠೆ ನೋಡಿ ಎಂದು. ಕೇಳಿದವರು ನನ್ನ ಕಡೆ ಗೌರವದಿಂದ ನೋಡುತ್ತಿದ್ದರು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಮದುವೆಯಾದ ಮರುವರ್ಷ ಮಾವನವರ ಶ್ರಾದ್ಧಕ್ಕೆಂದು ನಾನು, ನನ್ನ ಗಂಡ, ಅತ್ತೆ ಮೂವರೂ ಗಯೆಗೆ ಹೋಗಿದ್ದೆವು. ಅಲ್ಲಿ ಪಿಂಡ ಇಟ್ಟ ಮೇಲೆ ಆಲದ ಮರದ ಬಳಿ ಕೂತು, ಕೈಗೆ ನೀರು ಹಾಕಿಸಿಕೊಂಡು, ತಮಗೆ ಇಷ್ಟವಾದ ಒಂದು ಹಣ್ಣು, ಒಂದು ತರಕಾರಿಯ ಹೆಸರು ಹೇಳಿ ಬಿಡಬೇಕು. ಬಿಟ್ಟ ಮೇಲೆ ಸಾಯುವತನಕ ಅದನ್ನು ಬಾಯಿಗೆ ಇಡುವಂತಿಲ್ಲ. ನನ್ನ ಗಂಡ ಹಲಸಿನ ಹಣ್ಣು ಬಿಟ್ಟರು. ಹಲಸು ತಿಂದರೆ ಅವರಿಗೆ ಎರಡು ದಿನ ಹೊಟ್ಟೆ ಸರಿಯಿರುತ್ತಿರಲಿಲ್ಲ. ತರಕಾರಿಗೆ ಪಡವಲಕಾಯಿ ಎಂದರು, ಅದನ್ನು ಹುಡುಗರಾಗಿದ್ದಾಗಿನಿಂದ ಎಲೆಯ ಅಂಚಿಗೆ ತಳ್ಳಿದವರು. ದೇವರಿಗೆ ಟೋಪಿ ಹಾಕುವುದು ಇಷ್ಟು ಸುಲಭವೇ ಎಂದು ನಾನು ಅವರ ಮುಖ ನೋಡಿದೆ. ಅವರು ಭಕ್ತಿಯಿಂದ ಕಣ್ಣು ಮುಚ್ಚಿಕೊಂಡಿದ್ದರು.

ಅತ್ತೆ ಮಾತ್ರ ಮೋಸ ಮಾಡಲಿಲ್ಲ. ಅವರ ತವರು ನಂಜನಗೂಡು. ಅವರು ರಸಬಾಳೆ ಬಿಟ್ಟರು. ಹೇಳುವಾಗ ಅವರ ಧ್ವನಿ ಒಂದು ಕ್ಷಣ ನಿಂತದ್ದು ನನಗೆ ಇವತ್ತಿಗೂ ನೆನಪಿದೆ.

ನನ್ನ ಸರದಿ ಬಂತು. ಪುರೋಹಿತರು ನನ್ನ ಕೈಗೆ ನೀರು ಹಾಕಿ ಕಾಯುತ್ತಿದ್ದರು. ನಾನು ಇನ್ನೂ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆ, “ಇವಳದು ನೇರಳೆ. ತರಕಾರಿಗೆ ಸೀಮೆಬದನೆ” ಎಂದುಬಿಟ್ಟರು. ನೀರು ಬೆರಳ ಸಂದಿಯಿಂದ ಇಳಿದುಹೋಯಿತು. ಸೀಮೆಬದನೆಯ ಬಗ್ಗೆ ನನ್ನ ತಕರಾರಿಲ್ಲ.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವರು ನನ್ನ ಕೈ ಹಿಡಿದು ಸಮಾಧಾನ ಹೇಳಿದರು. ಆಗಷ್ಟೇ ನನ್ನ ಗಂಡನಿಗೆ ಬರೋಡಾದ ಹತ್ತಿರ ಕೊಯಾಲಿಯ ರಿಫೈನರಿಯಲ್ಲಿ ಕೆಲಸದ ಆರ್ಡರ್ ಬಂದಿತ್ತು. “ನೀನು ಹೋಗ್ತಿರೋದು ಗುಜರಾತ್‌ಗೆ ಕಣೇ. ಅಲ್ಲಿ ಬರೀ ಉಪ್ಪು, ಮರಳು. ನೇರಳೆ ಎಲ್ಲಿಂದ ಬರತ್ತೆ? ಹೆಂಗೂ ಸಿಗದೇ ಇರೋದನ್ನ ಬಿಟ್ರೆ ನಿಂಗೇನೂ ಕಷ್ಟ ಇಲ್ಲ. ಮಾವು, ಬಾಳೆ ಎಲ್ಲಾ ಉಳೀತಲ್ಲ!” ಎಂದರು. ನನ್ನ ಮೇಲಿನ ಪ್ರೀತಿಯಿಂದಲೇ ಲೆಕ್ಕ ಹಾಕಿದ್ದರು. ಆ ಕಾಲದಲ್ಲಿ ಮೈಸೂರಿನ ಕಡೆಯವರಿಗೆ ಗುಜರಾತೆಂದರೆ ಶಾಲೆಯ ಭೂಪಟದಲ್ಲಿ ಕಂಡ ಬಿಳಿ ಜಾಗ ಮಾತ್ರ.

ಕೊಯಾಲಿಯ ಟೌನ್‌ಶಿಪ್ಪಿನಲ್ಲಿ ನಮಗೆ ಸಿಕ್ಕ ಕ್ವಾರ್ಟರ್ಸಿನ ಅಡುಗೆಮನೆ ಕಿಟಕಿಯ ಎದುರಿಗೇ ಒಂದು ನೇರಳೆ ಮರವಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಶಾಲೆಯ ದಾರಿಯಲ್ಲಿ ಎರಡೂ ಬದಿ ಸಾಲಾಗಿ ನೇರಳೆ. ಮೊದಲ ಜೂನ್ ತಿಂಗಳಲ್ಲಿ ಒಂದು ಮಳೆ ಬಿದ್ದದ್ದೇ ತಡ, ಅಂಗಳವೆಲ್ಲ ನೇರಳೆ ಬಣ್ಣ. ಸ್ಕೂಟರಿನ ಸೀಟಿನ ಮೇಲೆ, ಒಣಹಾಕಿದ ಸೀರೆಯ ಮೇಲೆ, ನನ್ನ ಚಪ್ಪಲಿಯ ಅಡಿಯಲ್ಲಿ. ನಮ್ಮ ಜೊತೆಗೇ ಇರಲು ಬಂದಿದ್ದ ಅತ್ತೆ ಕಿಟಕಿಯ ಬಳಿ ನಿಂತು ಬಹಳ ಹೊತ್ತು ಮರವನ್ನು ನೋಡಿದರು. ಆಮೇಲೆ, “ಮಾತು ಕೊಟ್ಟಾಯ್ತಲ್ಲ” ಎಂದಷ್ಟೇ ಹೇಳಿ ಹೂಬತ್ತಿ ಹೊಸೆಯಲು ಕೂತರು.

ನಾನು ಹಾಸನದ ಕಡೆಯ ಕೆರೆ ಏರಿಯ ಮೇಲೆ ನೇರಳೆ ಆರಿಸಿ ಬೆಳೆದವಳು. ಲಂಗದಲ್ಲಿ ಕಟ್ಟಿಕೊಂಡು ಬಂದು, ಉಪ್ಪು ಹಾಕಿ ಕುಲುಕಿ, ಒಗರು ಗಂಟಲಿಗೆ ಹತ್ತುವತನಕ ತಿನ್ನುತ್ತಿದ್ದೆವು. ತಿಂದಿಲ್ಲ ಎಂದು ಸುಳ್ಳು ಹೇಳಿದರೆ ನಮ್ಮಮ್ಮ ನಾಲಿಗೆ ತೋರಿಸು ಎನ್ನುತ್ತಿದ್ದಳು. ಅಲ್ಲಿಗೆ ವಿಚಾರಣೆ ಮುಗಿಯುತ್ತಿತ್ತು. ಅಂಥವಳು ಮೂವತ್ತು ಜೂನ್ ತಿಂಗಳು ಆ ಹಣ್ಣನ್ನು ಪೊರಕೆಯಿಂದ ಗುಡಿಸಿದ್ದೇನೆ. ಬುಟ್ಟಿ ತುಂಬಿ ಅಕ್ಕಪಕ್ಕದ ಗುಜರಾತಿ ಮನೆಗಳಿಗೆ ಕೊಟ್ಟಿದ್ದೇನೆ, ಅವರು ಅದನ್ನು ಜಾಂಬು ಎನ್ನುತ್ತಿದ್ದರು. ಕೈ ಬಣ್ಣವಾಗಿರುತ್ತಿತ್ತು, ನಾಲಿಗೆ ಬೆಳ್ಳಗೇ ಇರುತ್ತಿತ್ತು. ಯಾಕೆ ತಿನ್ನಲಿಲ್ಲ? ಹೆದರಿಕೆ ಸ್ವಲ್ಪ, ಅಭ್ಯಾಸ ಸ್ವಲ್ಪ, ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಚಪಲ ಬಹಳ. ಅದನ್ನು ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಇವರು ನಿವೃತ್ತರಾದ ಮೇಲೆ ಬರೋಡಾದ ಫತೇಗಂಜ್‌ನಲ್ಲಿ ಒಂದು ಫ್ಲ್ಯಾಟಿಗೆ ಬಂದೆವು. ಸುತ್ತ ಹಾಸ್ಟೆಲ್ಲುಗಳು, ಕಾಲೇಜು ಹುಡುಗರು, ತಿಂಡಿ ಗಾಡಿಗಳು. ಅಲ್ಲಿಯೇ ಹೋದ ವರ್ಷ ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಡಾಕ್ಟರು ಚುರುಕು ಹೆಂಗಸು, ಗುಜರಾತಿ ಬೆರೆಸಿದ ಹಿಂದಿಯಲ್ಲಿ ಪಟಪಟ ಮಾತಾಡುವವರು. ಮಾತ್ರೆ ಬರೆದರು, ನಡೆಯಿರಿ ಎಂದರು, ಆಮೇಲೆ ಹಣ್ಣಿನ ವಿಷಯಕ್ಕೆ ಬಂದರು. ಮಾವಿನ ಹಣ್ಣು ಆಸೆಗೆ ಒಂದೆರಡು ಹೋಳು, ಬಾಳೆಹಣ್ಣು ಅರ್ಧ, ಸಪೋಟ, ಸೀತಾಫಲ ದೂರ. “ಜಾಂಬು ತಿನ್ನಿ,” ಎಂದರು ನಗುತ್ತ, “ನಿಮ್ಮ ಕೊಯಾಲಿ ತುಂಬ ಅದೇ ತಾನೆ? ಸೀಸನ್ನಿನಲ್ಲಿ ಒಂದು ಹಿಡಿ. ಅದರಿಂದ ಕಾಯಿಲೆ ವಾಸಿಯಾಗುವುದಿಲ್ಲ, ತೊಂದರೆಯೂ ಇಲ್ಲ.”

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅತ್ತೆ ನನಗಾಗಿ ಉಳಿಸಿಕೊಟ್ಟ ಮಾವು, ಬಾಳೆಗಳನ್ನು ಡಾಕ್ಟರು ಕಿತ್ತುಕೊಂಡರು. ಡಾಕ್ಟರು ಧಾರಾಳವಾಗಿ ಕೊಟ್ಟ ಒಂದೇ ಹಣ್ಣನ್ನು ಅತ್ತೆ ಗಯೆಯಲ್ಲಿ ನೀರಿಗೆ ಬಿಟ್ಟಿದ್ದರು. ಅರವತ್ತೊಂದು ವರ್ಷದ ನನ್ನ ಬಾಯೊಳಗೆ ಏನು ಹೋಗಬೇಕು ಎಂಬುದಕ್ಕೆ ನನ್ನದೊಂದು ಮಾತೂ ಇರಲಿಲ್ಲ.

ಮಗಳು ಅಹಮದಾಬಾದಿನಲ್ಲಿ ಕೆಲಸ ಮಾಡುತ್ತಾಳೆ, ವಾರಕ್ಕೊಮ್ಮೆ ರೈಲಿನಲ್ಲಿ ಬರುತ್ತಾಳೆ. ಇಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡ ಅಜ್ಜಿಯ ಎದುರಿಗೆ ಮಾತ್ರ ಹೊರಗೆ ಬರುತ್ತದೆ. ಆ ಭಾನುವಾರ ಒಂದು ಬಾಟಲಿ ತಂದಳು. “ಮಮ್ಮಿ, ಇದು ಜಾಮುನ್ ಎಕ್ಸ್‌ಟ್ರ್ಯಾಕ್ಟ್. ಫುಲ್ ಆಂಟಿಆಕ್ಸಿಡೆಂಟ್ ಇದೆ ಇದ್ರಲ್ಲಿ. ಡೈಲಿ ಎರಡು ತಗೋ, ಬಸ್” ಎಂದಳು. ಬಾಟಲಿಯ ಮೇಲೆ ಹೃದಯ, ಕಣ್ಣು, ಕಿಡ್ನಿ ಎಲ್ಲದರ ಚಿತ್ರವಿತ್ತು, ಅದರ ಮಧ್ಯೆ ಹೊಳೆಯುವ ನೇರಳೆ ಗೊಂಚಲು.

ಊಟದ ಮೇಜಿನ ಸುತ್ತ ಪಂಚಾಯಿತಿ ಕೂತಿತು. ಕ್ಯಾಪ್ಸೂಲ್ ಹಣ್ಣೋ ಅಲ್ಲವೋ? ನನ್ನ ಗಂಡ ಕನ್ನಡಕ ಏರಿಸಿ ಬಾಟಲಿ ತಿರುಗಿಸಿ ಓದಿ, “ಇದು ಔಷಧಿ. ಔಷಧಿಗೆ ದೋಷ ಇಲ್ಲ” ಎಂದು ತೀರ್ಪು ಕೊಟ್ಟರು. ಪಡವಲಕಾಯಿ ಬಿಟ್ಟವರ ತೀರ್ಪು! ಎಂಬತ್ತನಾಲ್ಕು ವರ್ಷದ ಅತ್ತೆ ಒಂದು ಕ್ಯಾಪ್ಸೂಲನ್ನು ಅಂಗೈಯಲ್ಲಿಟ್ಟು ನೋಡಿದರು. “ಇದ್ರಲ್ಲಿ ಬೀಜ ಇಲ್ಲ, ಸಿಪ್ಪೆ ಇಲ್ಲ, ರುಚಿ ಇಲ್ಲ. ಇದನ್ನ ಹಣ್ಣು ಅಂತ ಯಾರು ಅಂತಾರೆ? ತಗೋ, ಪರವಾಗಿಲ್ಲ” ಎಂದರು.

ಮೂರು ತಿಂಗಳು ತೆಗೆದುಕೊಂಡೆ. ಟೌನ್‌ಶಿಪ್ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಹೇಳಿಕೊಟ್ಟವಳು ನಾನು. ಕತ್ತರಿಸಿದ ಸೇಬು ಗಾಳಿಗೆ ಕಂದಾಗುವುದನ್ನೂ, ನಿಂಬೆರಸ ಸವರಿದ ಅರ್ಧ ಹಾಗೇ ಇರುವುದನ್ನೂ ಮಕ್ಕಳಿಗೆ ತೋರಿಸಿ, ಇದೇ ಆಂಟಿಆಕ್ಸಿಡೆಂಟ್ ಕೆಲಸ ಎನ್ನುತ್ತಿದ್ದೆ. ಹಣ್ಣಿನ ಸಿಪ್ಪೆಯ ಗಾಢ ಬಣ್ಣದಲ್ಲೇ ಅಂಥ ಗುಣ ಬಹಳ ಇರುತ್ತದೆ, ಅದಕ್ಕೇ ಬಣ್ಣದ ಹಣ್ಣು ತಿನ್ನಿ ಎಂದೂ ಹೇಳುತ್ತಿದ್ದೆ. ಆದರೆ ಮನುಷ್ಯರ ದೇಹ ಕತ್ತರಿಸಿಟ್ಟ ಸೇಬಲ್ಲ. ಹಿಂಡಿ, ಒಣಗಿಸಿ, ಪುಡಿ ಮಾಡಿ ತುಂಬಿದ್ದು ಒಳಗೆ ಹೋಗಿ ಏನು ಮಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕೇಳಿದರೆ ಡಾಕ್ಟರೂ ಗೊತ್ತಿಲ್ಲವೆಂದೇ ಹೇಳಿದರು, ಅದಕ್ಕಾಗಿ ಅವರ ಮೇಲೆ ನನ್ನ ಗೌರವ ಹೆಚ್ಚಾಯಿತು. ಮಾತ್ರೆ ಮಾತ್ರ ತಪ್ಪಿಸಬೇಡಿ ಎಂದರು. ರಕ್ತಪರೀಕ್ಷೆ ಮಾಡಿಸಿದೆ. ಸಕ್ಕರೆ ಇದ್ದಲ್ಲೇ ಇತ್ತು.

ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ನಾಲಿಗೆಯ ಮೇಲೆ ಹಾಕಿಕೊಂಡೆ. ಕಂದು ಪುಡಿ, ಹಳೆಯ ಚಹಾಪುಡಿಯ ಕಹಿ. ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿದೆ. ಏನೂ ಬಣ್ಣವಿಲ್ಲ. ಅಲ್ಲಿಯೇ ನನಗೆ ತಡೆಯಲಾರದಷ್ಟು ಕೋಪ ಬಂತು. ಬಿಟ್ಟ ಹಣ್ಣನ್ನು ಪುಡಿ ಮಾಡಿ ನುಂಗಿದರೆ ದೇವರಿಗೆ ಗೊತ್ತಾಗುವುದಿಲ್ಲವೇ? ಮುರಿಯುವುದೇ ಆದರೆ ಹಣ್ಣು ತಿಂದು ಮುರಿಯಬೇಕು. ರುಚಿಯೂ ಇಲ್ಲದೆ ವ್ರತಭಂಗ ಮಾಡುವಂಥ ನಷ್ಟ ಯಾರಿಗೆ ಬೇಕು? ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದೆ.

ಈ ಜೂನ್‌ನಲ್ಲಿ ಮೊದಲ ಮಳೆಯ ಮಾರನೆಯ ದಿನ ಹಾಸ್ಟೆಲ್ ಗೇಟಿನ ಬಳಿ ಜಾಂಬು ಗಾಡಿ ಬಂತು. ದಪ್ಪ ದಪ್ಪ ಹಣ್ಣು, ಗಾಡಿಯವನು ನೀರು ಚಿಮುಕಿಸಿ ಎಲೆಯ ಮೇಲೆ ರಾಶಿ ಹಾಕಿದ್ದ. ಅಲ್ಲೇ ನಿಂತು ತಿಂದು, ಬಾಯಿ ತೊಳೆದುಕೊಂಡು ಬರಬಹುದಿತ್ತು. ಹಾಗೆ ಮಾಡಲು ನನಗೆ ಮನಸ್ಸಿರಲಿಲ್ಲ. ಕಾಲು ಕಿಲೋ ಕಟ್ಟಿಸಿಕೊಂಡು ಮನೆಗೆ ಬಂದೆ, ತೊಳೆದೆ, ಸ್ಟೀಲಿನ ಬಟ್ಟಲಿಗೆ ಹಾಕಿದೆ, ಉಪ್ಪು ಉದುರಿಸಿದೆ, ಊಟದ ಮೇಜಿನ ಮೇಲೆ ಇಟ್ಟೆ.

ನನ್ನ ಗಂಡನಿಗೆ ವಿಷಯ ತಕ್ಷಣ ತಿಳಿಯಿತು. ಪಾಪ, ಅವರಿಗೆ ಜಗಳವೆಂದರೆ ಆಗದು. “ಒಂದ್ ಕೆಲಸ ಮಾಡೋಣ. ಮಿಕ್ಸಿಗೆ ಹಾಕಿ ಪಾನಕ ಮಾಡ್ಬಿಡು. ಪಾನಕ ಹಣ್ಣಲ್ಲವಲ್ಲ” ಎಂದು ಪಿಸುಗುಟ್ಟಿದರು.

“ಏನ್ರೀ, ನಿಮ್ಮ ಪಡವಲಕಾಯಿ ಬುದ್ಧಿ ನನಗೆ ಬೇಡ” ಎಂದೆ, ಪಿಸುಗುಟ್ಟದೆ.

ಆ ಸದ್ದಿಗೆ ಅತ್ತೆ ಕೋಲೂರಿಕೊಂಡು ಹೊರಗೆ ಬಂದರು. ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ಎದುರಿನ ಕುರ್ಚಿಯಲ್ಲಿ ಕೂತರು.

“ಅತ್ತೆ, ನಾನು ನೇರಳೆ ತಿಂತಿದೀನಿ. ಔಷಧಿ ಅಂತ ಅಲ್ಲ. ಇದನ್ನ ತಿಂದ್ರೆ ಕಾಯಿಲೆ ವಾಸಿ ಆಗಲ್ಲ ಅಂತ ಡಾಕ್ಟರೇ ಹೇಳಿದಾರೆ. ನಂಗೆ ಆಸೆ, ಅದಕ್ಕೆ ತಿಂತಿದೀನಿ” ಎಂದೆ. ಡಾಕ್ಟರ ಚೀಟಿಯನ್ನು ಗುರಾಣಿ ಮಾಡಿಕೊಳ್ಳಬಾರದೆಂದು ಮೆಟ್ಟಿಲು ಹತ್ತುವಾಗಲೇ ನಿಶ್ಚಯಿಸಿದ್ದೆ. ಆರೋಗ್ಯಕ್ಕೆಂದರೆ ಎಲ್ಲರೂ ಒಪ್ಪುತ್ತಾರೆ. ಆಸೆಗೆಂದರೆ ಒಪ್ಪುತ್ತಾರೋ ನೋಡಬೇಕಿತ್ತು.

ಒಂದನ್ನು ಬಾಯಿಗೆ ಹಾಕಿಕೊಂಡೆ. ಮೊದಲು ಉಪ್ಪು, ಆಮೇಲೆ ಸಿಹಿ, ಕೊನೆಗೆ ಗಂಟಲು ಹಿಡಿಯುವ ಆ ಒಗರು. ಮೂವತ್ತೈದು ವರ್ಷದಲ್ಲಿ ಅದು ಒಂದಿಷ್ಟೂ ಬದಲಾಗಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಬೀಜವನ್ನು ತಟ್ಟೆಯಲ್ಲಿಟ್ಟು ಎರಡನೆಯದನ್ನು ತೆಗೆದುಕೊಂಡೆ. ಐದಾರು ಬೀಜ ಸೇರಿದ ಮೇಲೆ ಅತ್ತೆ ಬಾಯಿ ಬಿಟ್ಟರು.

“ನಾಲಿಗೆ ತೋರ್ಸು.”

ನಾಲಿಗೆ ಚಾಚಿದೆ, ಕೆರೆ ಏರಿಯಿಂದ ಓಡಿಬಂದ ಹುಡುಗಿಯ ಹಾಗೆ. ಅವರು ಮುಂದಕ್ಕೆ ಬಗ್ಗಿ ನೋಡಿದರು. ಅವರ ಮುಖದಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ.

“ಅವತ್ತು ನಾನೇ ಹೇಳ್ದೆ, ನೀನು ಹೇಳ್ಲಿಲ್ಲ. ನಂಗೆ ಮರ್ತಿಲ್ಲ. ಆ ಮರ ನೋಡ್ದಾಗೆಲ್ಲಾ ನೆನಪಾಗೋದು. ಹೋಗ್ಲಿ ಬಿಡು. ಈ ಪಾಪ ನನ್ನ ತಲೆಗೇ ಬರ್ಲಿ. ನೀನು ತಿನ್ನು” ಎಂದರು.

ಇಷ್ಟು ವರ್ಷ ನಾನು ಕಾದಿದ್ದು ಇದೇ ಮಾತಿಗೆ. ಕೇಳಿದ ಕೂಡಲೆ ಅವರ ಕಾಲು ಹಿಡಿಯಬೇಕೆನ್ನಿಸಿತು. ಹಿಡಿಯಲಿಲ್ಲ. ಬಟ್ಟಲನ್ನು ನನ್ನ ಕಡೆಗೆ ಇನ್ನಷ್ಟು ಎಳೆದುಕೊಂಡೆ.

“ಬೇಡ ಅತ್ತೆ. ಅವತ್ತು ಬಿಟ್ಟಿದ್ದು ನೀವು, ಆ ಪುಣ್ಯ ನಿಮಗೇ ಇರ್ಲಿ. ಇವತ್ತು ತಿಂದಿದ್ದು ನಾನು. ಈ ಪಾಪನ ಮಾತ್ರ ಯಾರಿಗೂ ಕೊಡಲ್ಲ, ಇದು ನಂದು.”

ಅವರು ಕೋಲು ಹಿಡಿದು ಎದ್ದು, ಅಡುಗೆಮನೆಗೆ ಹೋಗಿ, ಉಪ್ಪಿನ ಡಬ್ಬಿ ತಂದು ನನ್ನ ಮುಂದೆ ಇಟ್ಟರು.