ಜಲಪಾತದೆದುರು ಬಿಳಿ ಬಟ್ಟೆ

ಗಲ್ಫಿನ ಮುಸಫ್ಫಾದ ನಮ್ಮ ಲೇಬರ್ ಕ್ಯಾಂಪಿನಲ್ಲಿ ಎಲ್ಲರ ಬಾಯಲ್ಲೂ ಅವನು ಬಕೆಟ್ ಉಮ್ಮರಬ್ಬ. ಶವರ್ ಇದ್ದರೂ ಅವನ ಸ್ನಾನಕ್ಕೆ ಬಕೆಟ್ಟು, ಚೊಂಬೇ ಆಗಬೇಕು. ಪಂಪು ರಿಪೇರಿಯಲ್ಲಿ ಎತ್ತಿದ ಕೈ, ಆದರೆ ತಲೆಯ ಮೇಲೆ ನೀರು ಸುರಿದರೆ ಉಸಿರು ಕಟ್ಟುತ್ತದಂತೆ. ಹದಿನೆಂಟು ವರ್ಷದ ಹಿಂದೆ ಮೀನಿಗೆ ಹೋದ ಅವನ ಅಣ್ಣ ಅದ್ದುವಿನ ದೋಣಿ ಮಗುಚಿತ್ತು. ಹೆಣ ಸಿಗಲಿಲ್ಲ. ಮಗ ಸತ್ತನೆಂದು, ಅವನು ಉಮ್ಮ ಎನ್ನುವ ತಾಯಿ ಐಸಮ್ಮ ಒಪ್ಪಲೂ ಇಲ್ಲ. ಯಾರೂ ಅವನಿಗಾಗಿ ಮಯ್ಯತ್ ನಮಾಝ್, ಅಂದರೆ ಸತ್ತವರ ಪ್ರಾರ್ಥನೆ, ಮಾಡಕೂಡದೆಂದು ಆಣೆ ಹಾಕಿಸಿಕೊಂಡಿದ್ದರು. ಇಷ್ಟೆಲ್ಲ ಗೊತ್ತಿದ್ದೂ ಬಕೆಟ್ಟಿನ ತಮಾಷೆ ಮಾಡಿದವರಲ್ಲಿ ನಾನೂ ಒಬ್ಬ.

2014ರಲ್ಲಿ ಕಂಪನಿ ನಮ್ಮಿಬ್ಬರನ್ನು ಹೊಸ ಪಂಪಿನ ತರಬೇತಿಗೆ ಜಪಾನಿಗೆ ಕಳಿಸಿತು. ರಜೆಯ ದಿನ ಕಾರ್ಖಾನೆಯಲ್ಲಿ ನಮಗೆ ಕಲಿಸುತ್ತಿದ್ದ ವಯಸ್ಸಾದ ಮೇಷ್ಟ್ರು ನಮ್ಮನ್ನು ಬೆಟ್ಟದ ಮೇಲಿನ ಪವಿತ್ರ ಜಲಪಾತಕ್ಕೆ ಕರೆದೊಯ್ದರು. ಹಿಂದೆ ತಪಸ್ವಿಗಳು ಆ ನೀರಿನಡಿ ನಿಂತು ಸಾಧನೆ ಮಾಡುತ್ತಿದ್ದರಂತೆ. ಸತ್ತವರ ಹಾಗೆ ಬಿಳಿ ಉಡುತ್ತಿದ್ದರು ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ವಿವರಿಸಿದರು.

ನೀರಿನ ಅಬ್ಬರಕ್ಕೆ ಉಮ್ಮರಬ್ಬ ನನ್ನ ತೋಳು ಹಿಡಿದವನು ಬಿಡಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಚೀಲದಿಂದ ಬಿಳಿ ಬಟ್ಟೆಯೊಂದನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ಅವನತ್ತಲೇ ಬಂದರು.

"ಪಾಯ್ಸ್, ಕಫನ್ ಮಾರಾಯ! ಹೆಣಕ್ಕೆ ಹಾಕುವ ಬಟ್ಟೆ! ನನ್ನನ್ನು ಆ ನೀರಿನಡಿ ನಿಲ್ಲಿಸ್ತಾರೆ. ಬೇಡ ಅಂತ ಹೇಳು, ನಾನು ಸಾಯ್ತೇನೆ!" ಎಂದು ನನ್ನ ಹೆಸರು ಹಿಡಿದು ಕೂಗಿದವನೇ ಸಾಯುವ ಹೊತ್ತಿನಲ್ಲಿ ಹೇಳುವ ಕಲಿಮ ಹೇಳತೊಡಗಿದ. ಅವನ ಮುಖ ನೋಡಿ ನನಗೆ ನಗು ಬರಲಿಲ್ಲ.

ಮೇಷ್ಟ್ರು ಬಟ್ಟೆಯನ್ನು ಬಂಡೆಯ ಮೇಲೆ ಹಾಸಿದರು. ದಿಕ್ಸೂಚಿ ನೋಡಿ "ಮೆಕ್ಕಾ" ಎಂದು ಕೈ ತೋರಿಸಿದರು. ಕಾರ್ಖಾನೆಯಲ್ಲಿ ದಿನವೂ ಅವನ ನಮಾಝ್ ನೋಡುತ್ತಿದ್ದವರು ಮನೆಯಿಂದಲೇ ತಂದ ಬಟ್ಟೆ ಅದು.

ನಮಾಝಿಗೆ ಮೊದಲು ಕೈಕಾಲು ಮುಖ ತೊಳೆಯಬೇಕಲ್ಲ? ನೀರಿನ ಹತ್ತಿರ ಹೋಗಲು ಅವನ ಕಾಲೇ ಏಳಲಿಲ್ಲ. ಮೇಷ್ಟ್ರು ಫ್ಲಾಸ್ಕಿನ ಮುಚ್ಚಳದಲ್ಲಿ ನೀರು ತಂದು ತಂದು ಅವನ ಕೈಕಾಲಿಗೆ ಸ್ವಲ್ಪಸ್ವಲ್ಪವೇ ಸುರಿದರು.

ನಮಾಝ್ ಮುಗಿಸಿದ ಉಮ್ಮರಬ್ಬ ಮತ್ತೆ ಎದ್ದು ನಿಂತ. ಈ ಸಲ ಬಗ್ಗಲಿಲ್ಲ, ನೆಲಕ್ಕೆ ಹಣೆ ಹಚ್ಚಲಿಲ್ಲ. ನಿಂತಲ್ಲೇ ಪ್ರಾರ್ಥನೆ ಮುಗಿಸಿದ.

ಮುಸಫ್ಫಾಕ್ಕೆ ಮರಳಿದ ಮೇಲೆ ಕಂಪನಿ ಬಸ್ಸಿನಲ್ಲಿ ಕೇಳಿದೆ: "ಎರಡನೇ ಸಲ ಯಾಕೆ ಬಗ್ಗಲಿಲ್ಲ ನೀನು?"

"ಮಯ್ಯತ್ ನಮಾಝಿಗೆ ಬಗ್ಗಲಿಕ್ಕಿಲ್ಲ" ಎಂದ. ಆಮೇಲೆ ಜಲಪಾತದೆದುರು ಹಿಡಿದಂತೆಯೇ ನನ್ನ ತೋಳು ಹಿಡಿದುಕೊಂಡ. "ಉಮ್ಮನಿಗೆ ಹೇಳ್ಬೇಡ ಮಾರಾಯ. ಅವರ ಪಾಲಿಗೆ ಅದ್ದು ಇನ್ನೂ ಬದುಕಿದ್ದಾನೆ."