ಸಾವಂತ್ರವ್ವನ ಹೂಂಗುಟ್ಟುವ ಇಂಗ್ಲಿಷ್

ಮಾಘದ ಚಳಿ ಪಿಂಪ್ರಿಯ ಚಾಳಿನ ಮೇಲೆ ಇನ್ನೂ ಹೊದ್ದು ಮಲಗಿದೆ. ಐದೂವರೆಗೇ ಸಾವಂತ್ರವ್ವನ ಹಂಚು ಕಾದಿದೆ. ಹತ್ತರೊಳಗೆ ಮೆಸ್ಸಿಗೆ ನೂರಿಪ್ಪತ್ತು ಜೋಳದ ರೊಟ್ಟಿ ಹೋಗಬೇಕು. ಎದುರಿಗೆ ಮಣೆ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿರುವವಳು ಪಕ್ಕದ ಖೋಲಿಯ ಶೀತಲ್. ಇಬ್ಬರೂ ಇಂಗ್ಲಿಷಿನಲ್ಲಿ ಹರಟುತ್ತಿದ್ದಾರೆ.

ಶೀತಲಳಿಗೆ ಇವತ್ತು ಹನ್ನೊಂದಕ್ಕೆ ಆಸ್ಪತ್ರೆಯೊಂದರ ರಿಸೆಪ್ಶನ್ ಕೆಲಸದ ಸಂದರ್ಶನ. ಇದು ಮೂರನೆಯದು. ಬಿ.ಕಾಂ. ಮುಗಿಸಿದ್ದಾಳೆ, ಬರೆಯುವುದು ಓದುವುದು ಎಲ್ಲ ಸಲೀಸು. ಎದುರಿಗೆ ಯಾರಾದರೂ ಪ್ರಶ್ನೆ ಕೇಳಿದರೆ ಮಾತ್ರ, ಪೂರಾ ವಾಕ್ಯ ತಲೆಯಲ್ಲಿ ಕಟ್ಟಿಕೊಳ್ಳುವ ತನಕ ಬಾಯಿ ಬಿಡುವುದಿಲ್ಲ. ಆ ಮೌನ ನೋಡಿಯೇ ಎರಡು ಕಡೆ ಎಬ್ಬಿಸಿ ಕಳಿಸಿದ್ದಾರೆ. ಈ ಸಲವೂ ತಪ್ಪಿದರೆ ಕಾರ್ಖಾನೆಯ ಪ್ಯಾಕಿಂಗಿಗೆ ನಿಲ್ಲುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ.

ಶೀತಲ್ ಮಾತು ನಿಲ್ಲಿಸಿದ್ದೇ ಸಾವಂತ್ರವ್ವ ಕನ್ನಡಕ್ಕೆ ಹೊರಳುತ್ತಾರೆ. "ಹಿಟ್ಟು ನಾದಿದಂಗ ವಾಕ್ಯ ನಾದಕೋತ ಕುಂತ್ರ ಕೇಳಿದವ್ರು ಎದ್ದು ಹೋಗ್ತಾರ. ಮೊದ್ಲ 'ವೆಲ್' ಅನ್ನು. ಉಳಿದದ್ದು ಹಿಂದಿಂದ ಬರ್ತದ."

"ಬರದಿದ್ರ, ಕಾಕು?" ಶೀತಲಳ ಬಾಯಲ್ಲಿ ಅವರು ಕಾಕು, ಅಂದರೆ ಚಿಕ್ಕಮ್ಮ.

"ಅರ್ಧಕ್ಕ ಬಿಟ್ಟು ಬ್ಯಾರೇದು ಹಿಡಿ. ಸಾಹೇಬ್ರೆಲ್ಲಾ ಹಂಗ ಮಾಡ್ತಾರ. ಪೂರಾ ಮುಗಿಸಾಕ ಅದೇನು ಪರೀಕ್ಷಾ ಪೇಪರೇನ?"

ಐವತ್ತೆರಡರ ಸಾವಂತ್ರವ್ವ ಇಂಡಿ ಕಡೆಯವರು, ಕಲಿತದ್ದು ನಾಲ್ಕನೆಯ ಇಯತ್ತೆ. ಗಂಡ ತೀರಿಕೊಂಡ ಮೇಲೆ ತಳೇಗಾಂವದ ಗೆಸ್ಟ್‌ಹೌಸ್ ಒಂದರಲ್ಲಿ ಹನ್ನೆರಡು ವರ್ಷ ಬೇಯಿಸಿ ಬಡಿಸಿದರು. ಯಂತ್ರ ಕೂಡಿಸಲು ಬರುತ್ತಿದ್ದ ಪರದೇಶದ ಇಂಜಿನಿಯರುಗಳ ಊಟದ ಮೇಜೇ ಅವರ ಸಾಲಿ.

ಮೊದಮೊದಲು ಒಂದು ಎಡವಟ್ಟಾಯಿತು. ಅತಿಥಿಯೊಬ್ಬ ತನಗೆ ಶೇಂಗಾ ಒಗ್ಗುವುದಿಲ್ಲವೆಂದು ಹೇಳುತ್ತಿದ್ದ. ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದೆಂದು ಇವರು ತಲೆ ತಗ್ಗಿಸಿ ನಿಂತರು. ಆತ ಮೂರು ಸಲ ಹೇಳಿದ, ದನಿ ಏರಿಸಿದ, ಕಡೆಗೆ ಮ್ಯಾನೇಜರನನ್ನೇ ಕರೆದ.

"ಮೊದಲ್ನೇ ಸಲಕ್ಕ ತಿಳಿದಿತ್ರಿ," ಎಂದು ಕೇಳಿದವರಿಗೆ ಹೇಳುತ್ತಾರೆ ಸಾವಂತ್ರವ್ವ. "ಆದ್ರ ನನಗ ತಿಳೀತು ಅನ್ನೋದು ಅವಂಗ ತಿಳೀಬೇಕಲ್ರಿ? ನಮ್ಮಜ್ಜಿ ಕತಿ ಹೇಳೂವಾಗ ಹೂಂ ಅನ್ನದಿದ್ರ ಕತೀನ ನಿಲ್ಲಸ್ತಿದ್ಲು. ಇಂಗ್ಲಿಷಿನ್ಯಾಗೂ ಹೂಂ ಅದ ಅಂತ ನಾ ತಿಳ್ಕೊಂಡಿರಲಿಲ್ಲ."

ಅಂದಿನಿಂದ ಕಿವಿ ಅದನ್ನೇ ಹುಡುಕತೊಡಗಿತು. ಒಬ್ಬ ಮಾತಾಡುವಾಗ ಇನ್ನೊಬ್ಬ 'ಯಾ', 'ರೈಟ್', 'ಐ ಸೀ' ಎಂದು ಹೂಂಗುಟ್ಟುವುದು. ಒಬ್ಬನ ಮಾತು ಮುಗಿಯುವ ಹೊತ್ತಿಗೆ ಇನ್ನೊಬ್ಬ ಅದರ ಬಾಲ ಹಿಡಿಯುವುದು. ಒಲ್ಲೆ ಅನ್ನುವ ಮುಂಚೆ ಕೊಂಚ ತಡೆದು ರಾಗ ಎಳೆಯುವುದು.

ಈಗ ಮೂರು ವರ್ಷದಲ್ಲಿ ಹದಿನಾಲ್ಕು ಹೆಣ್ಣುಮಕ್ಕಳು ಇಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಇಂಗ್ಲಿಷ್ ಮಾತು ಕಲಿತು ಹೋಗಿದ್ದಾರೆ. ಕೈಗೆ ಕೆಲಸ ಕೊಡುವುದು ಬೇಕೆಂದೇ. ಕೈ ತೊಡಗಿಕೊಂಡರೆ ವಾಕ್ಯ ತಿದ್ದುತ್ತ ಕೂರಲು ಪುರುಸೊತ್ತಿರುವುದಿಲ್ಲ.

ಎರಡು ಗಂಟೆಗೆ ಶೀತಲ್ ಬರುತ್ತಾಳೆ. ಚಪ್ಪಲಿ ಬಿಡುವ ಮೊದಲೇ, "ಕಾಕು, ಭಾಳ ತಡವರಿಸಿದ್ನಿ."

"ತಡವರಿಸಿ ಗಪ್ ಕುಂತ್ಯೋ?"

"ಇಲ್ಲ. ಆ ಮೇಡಂ ಪೇಶಂಟ್ ಬಗ್ಗೆ ಏನೋ ಕೇಳ್ತಾ ಕೇಳ್ತಾ ನಿಂತಬಿಟ್ರು. ಅವ್ರಿಗೇ ಶಬ್ದ ಸಿಗವಲ್ದು. 'ಪ್ಯಾನಿಕ್' ಅಂತ ನಾನ ಎತ್ತಿ ಕೊಟ್ಟೆ. 'ಎಗ್ಸಾಕ್ಟ್ಲಿ' ಅಂದ್ರು. ಅಲ್ಲಿಂದ ಇಪ್ಪತ್ತು ಮಿನಿಟು ಹರಟಿ ಹೊಡದ್ವಿ. ಸೋಮವಾರದಿಂದ ಬಾ ಅಂದಾರ."

ಸಾವಂತ್ರವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಒಲೆಯ ಮುಂದಿನ ಬೆವರು ಎಂದು ತಾವೇ ಹೇಳುತ್ತಾರೆ.

"ನಿಮ್ಮ ಋಣ ಹ್ಯಾಂಗ ತೀರಿಸ್ಲಿ, ಕಾಕು?"

"ತೀರಿಸೂದು ಹಂಗಿರ್ಲಿ. ಮುಂದಿನ ತಿಂಗಳು ಮೊಣಕಾಲು ತೋರಿಸಾಕ ನಿಮ್ಮ ದವಾಖಾನಿಗೆ ಬರ್ತೀನಿ. ಅಲ್ಲೆ ಎಲ್ಲಾರ ಮುಂದ ನನ್ನ ಜೋಡಿ ಇಂಗ್ಲಿಷಿನ್ಯಾಗ ಮಾತಾಡು. ಹನ್ನೆರಡು ವರ್ಷ ಅವ್ರ ಮಾತು ನಿಂತು ಕೇಳೀನಿ ತಂಗಿ. ಒಬ್ರೂ ನನ್ನನ್ನ ಏನೂ ಕೇಳ್ಲಿಲ್ಲ."